ಲೆಕ್ಕಕ್ಕೆ ಸಿಗದ ನಾಲ್ಕೂಮುಕ್ಕಾಲು ಅಡಿ

ಬೆಳಗಿನ ಐದೂಮುಕ್ಕಾಲು. ಮುಚ್ಚಿ ವರ್ಷವಾದ ಗೋದಾಮೊಂದರ ನೆಲಮಾಳಿಗೆಯಲ್ಲಿ ನಲವತ್ತೇಳರ ಹೆಂಗಸೊಬ್ಬರು ಚಪ್ಪಲಿ ಕಳಚಿಟ್ಟು, ಗೋಡೆಗೆ ಕಿವಿ ಹಚ್ಚಿ ನಿಂತಿದ್ದಾರೆ. ಬೆರಳ ಗೆಣ್ಣಿನಿಂದ ಒಮ್ಮೆ ತಟ್ಟುತ್ತಾರೆ. ಕೇಳುತ್ತಾರೆ. ಒಂದು ಹೆಜ್ಜೆ ಪಕ್ಕಕ್ಕೆ ಸರಿದು ಮತ್ತೆ ತಟ್ಟುತ್ತಾರೆ. ಮೆಟ್ಟಿಲ ಮೇಲೆ ಕೂತ ಇಬ್ಬರು ವಕೀಲರು ಆಕಳಿಕೆಯನ್ನೂ ಬಾಯಿಗೆ ಕೈ ಹಿಡಿದು ನುಂಗುತ್ತಿದ್ದಾರೆ. ಉಸಿರೆತ್ತಬೇಡಿ ಎಂದು ಈಕೆ ಒಳಗೆ ಬರುವಾಗಲೇ ಹೇಳಿದ್ದಾರೆ. ಟಾರ್ಚಿನ ಬೆಳಕು ಗೋಡೆಯ ಮೇಲೆ ನಿಧಾನವಾಗಿ ನಡೆಯುತ್ತದೆ. ಇಲ್ಲಿ ಮನುಷ್ಯರನ್ನು ಕೂಡಿ ಹಾಕಿದ್ದರು ಎನ್ನುವುದು ಒಬ್ಬಳ ಮಾತು, ಇಲ್ಲಿ ಇದ್ದದ್ದು ಬರೀ ಚೀಲ ಎನ್ನುವುದು ಇನ್ನೊಬ್ಬನ ಮಾತು. ನಡುವೆ ನಿಂತಿರುವುದು ಈ ಗೋಡೆ.

"ಬಸ್ಸು, ಲಾರಿ ಓಡಾಡೋಕೆ ಶುರುವಾದ್ರೆ ಏನೂ ಕೇಳಲ್ಲ. ಅದಕ್ಕೇ ನಾನು ಹಾಲಿನವನಿಗಿಂತ ಮುಂಚೆ ಬರ್ತೀನಿ. ಗೋಡೆಗೂ ಕಿವಿ ಇದೆ ಅಂತಾರಲ್ಲ, ಬಾಯೂ ಇದೆ. ನಾವು ಸುಮ್ಮನಿರಬೇಕು ಅಷ್ಟೆ" ಎನ್ನುತ್ತಾರೆ, ಮೊಣಕೈಗೆ ಹತ್ತಿದ ಸುಣ್ಣ ಒರೆಸಿಕೊಳ್ಳುತ್ತಾ.

ಕೋರ್ಟಿನ ಆವರಣದಲ್ಲಿ ಜವಾನನಿಂದ ಹಿಡಿದು ಹಿರಿಯ ವಕೀಲರವರೆಗೆ ಎಲ್ಲರೂ ಇವರನ್ನು ಕರೆಯುವುದು ಟೇಪಕ್ಕ ಎಂದು. ಜಗಳದ ಜಾಗವನ್ನು ನೋಡಿ ವರದಿ ಕೊಡಲು ಕೋರ್ಟು ಒಬ್ಬ ವಕೀಲರನ್ನು ಕಮಿಷನರ್ ಆಗಿ ಕಳಿಸುತ್ತದೆ. ಆ ಕಮಿಷನರ ಹಿಂದೆ ಟೇಪು, ರಟ್ಟಿನ ಹಲಗೆ, ಪೆನ್ಸಿಲು ಹಿಡಿದು ಹೋಗಿ ಅಳತೆ ತೆಗೆದು ನಕ್ಷೆ ಬರೆಯುವುದು ಇವರ ಕೆಲಸ. ಅಪ್ಪ ಗಾರೆ ಮೇಸ್ತ್ರಿ. ಹತ್ತನೇ ವಯಸ್ಸಿಗೇ ತೂಗುಗುಂಡು ಹಿಡಿದು ಗೋಡೆ ನೆಟ್ಟಗಿದೆಯೇ ನೋಡುವುದನ್ನು ಕಲಿಸಿದ್ದ. ಆಮೇಲೆ ಹದಿನಾಲ್ಕು ವರ್ಷ ಒಬ್ಬ ಇಂಜಿನಿಯರ ಕಚೇರಿಯಲ್ಲಿ ನಕ್ಷೆಗಳ ನಕಲು ತೆಗೆದರು. ಕಂಪ್ಯೂಟರು ಬಂತು, ಕುರ್ಚಿ ಹೋಯಿತು. ಕೋರ್ಟಿನ ಮೆಟ್ಟಿಲ ಕೆಳಗೆ, ಟೈಪಿಸ್ಟುಗಳ ಸಾಲಿನ ಕೊನೆಯಲ್ಲಿ ಒಂದು ಮೇಜು ಹಾಕಿಕೊಂಡು ಕೂತವರು ಅಲ್ಲೇ ಬೇರು ಬಿಟ್ಟರು.

ವಾರಕ್ಕೆ ಐದಾರು ಅಳತೆ. ಹೆಚ್ಚಿನವು ಅಣ್ಣತಮ್ಮಂದಿರ ಅರ್ಧ ಅಡಿ ಓಣಿಯ ವ್ಯಾಜ್ಯ. "ಅರ್ಧ ಅಡೀಗೆ ಹದಿನಾರು ವರ್ಷ ಹೊಡೆದಾಡ್ತಾರೆ. ಆ ಓಣೀಲಿ ಬೆಕ್ಕೂ ನೆಟ್ಟಗೆ ಹೋಗಲ್ಲ" ಎಂದು ನಗುತ್ತಾರೆ. ಇವರ ಗಂಡ ಬಸ್ ಡ್ರೈವರ್. ಅವರ ದೂರು ಬೇರೆ: "ಮನೇಲಿ ಉಪ್ಪಿನ ಡಬ್ಬ ಎಲ್ಲಿದೆ ಅಂದ್ರೆ ಹುಡುಕ್ತಾಳೆ. ಊರವರ ಗೋಡೆ ಎಷ್ಟು ದಪ್ಪ ಅಂದ್ರೆ ನಿದ್ದೇಲೂ ಹೇಳ್ತಾಳೆ."

ಆದರೆ ಆರು ವರ್ಷಗಳಿಂದ ಇವರ ಮೇಜಿಗೆ ಇನ್ನೊಂದು ಬಗೆಯ ಕೆಲಸ ಬರುತ್ತಿದೆ. ಕೆಲಸ ಕೊಡಿಸುವುದಾಗಿ ನಂಬಿಸಿ ಸಾಗಿಸಿ, ಎಲ್ಲೋ ಕೂಡಿ ಹಾಕಿ ದುಡಿಸಿಕೊಂಡವರ ಮೇಲೆ, ಹಾಗೆ ದುಡಿದವರೇ ಹೂಡುವ ಸಿವಿಲ್ ದಾವೆಗಳು. ಕಿತ್ತುಕೊಂಡ ಕೂಲಿ ಕೊಡಿ, ಮಾಡಿದ ಗಾಯಕ್ಕೆ ಪರಿಹಾರ ಕೊಡಿ, ತೀರ್ಪು ಬರುವವರೆಗೆ ಆ ಆಸ್ತಿ ಮಾರದಂತೆ ತಡೆಯಿರಿ ಎಂದು ಕೇಳುವ ದಾವೆಗಳು. ಕೂಡಿ ಹಾಕಿದ ಜಾಗ ಯಾವುದು ಎಂದು ತೋರಿಸದಿದ್ದರೆ ದಾವೆ ನಿಲ್ಲುವುದಿಲ್ಲ. ಕಣ್ಣಿಗೆ ಬಟ್ಟೆ ಕಟ್ಟಿಸಿಕೊಂಡು ಬಂದವರು ಜಾಗವನ್ನು ತೋರಿಸುವುದಾದರೂ ಹೇಗೆ? ಹಾಗಾಗಿ ಅವರು ಮೊದಲು ಟೇಪಕ್ಕನ ಎದುರು ಬಂದು ಕೂರುತ್ತಾರೆ. ಕಣ್ಣು ಮುಚ್ಚಿ, ನೆನಪಿರುವ ಕೋಣೆಯನ್ನು ಬಾಯಲ್ಲಿ ಹೇಳುತ್ತಾರೆ.

"ಏನಾಯ್ತು ಅಂತ ನಾನು ಕೇಳಲ್ಲ. ಅದನ್ನ ಕೇಳೋಕೆ ಬೇಕಾದಷ್ಟು ಜನ ಇದಾರೆ. ಮಲಗಿದ ಕಡೆಯಿಂದ ನೀರಿನ ಹತ್ರಕ್ಕೆ ಎಷ್ಟು ಹೆಜ್ಜೆ, ಕೈ ಎತ್ತಿದ್ರೆ ಸೂರು ಸಿಗ್ತಿತ್ತಾ, ಅಷ್ಟೇ ಕೇಳ್ತೀನಿ." ಇಂಥ ಒಂಬತ್ತು ನಕ್ಷೆ ಬರೆದಿದ್ದಾರೆ. ಒಂದು ವಿಚಿತ್ರವನ್ನು ಗಮನಿಸಿದ್ದಾರೆ. ಒಂಬತ್ತರಲ್ಲಿ ಏಳು ಜನ ತಾವಾಗಿ ಬಾಗಿಲನ್ನು ಹೇಳಲೇ ಇಲ್ಲ. ನಾಲ್ಕು ಗೋಡೆ ಹೇಳಿ ಸುಮ್ಮನಾದರು. ಬಾಗಿಲು ಎಲ್ಲಿತ್ತು ಎಂದರೆ, ಮೊದಲ ಸಲ ಅದನ್ನು ಕೇಳುತ್ತಿರುವವರಂತೆ ನೋಡಿದರು.

ಬಾಗಿಲನ್ನು ಹೇಳಿದ ಇಬ್ಬರಲ್ಲಿ ಒಬ್ಬಳು ಬ್ಯಾಗು ಹೊಲಿಯುವ ಹುಡುಗಿ. ಆಗ ಇಪ್ಪತ್ತೆರಡು ವಯಸ್ಸು. ಹತ್ತೊಂಬತ್ತು ಮೆಟ್ಟಿಲ ಮೇಲಿನ ಮಹಡಿ, ಉದ್ದಕ್ಕೆ ಒಂದರ ಹಿಂದೊಂದು ಮೂರು ಕೋಣೆ, ಕೊನೆಯ ಕೋಣೆಯಲ್ಲಿ ಹನ್ನೊಂದು ಹೆಂಗಸರು, ಹನ್ನೊಂದು ಮಿಷನ್ನು, ಹದಿನಾಲ್ಕು ತಿಂಗಳು. ಪೊಲೀಸರು ಬಿಡಿಸಿದ್ದರು, ಕ್ರಿಮಿನಲ್ ಕೇಸೂ ನಡೆದಿತ್ತು. ಅದು ಬಿದ್ದುಹೋದದ್ದು ಈ ಹುಡುಗಿ ಹೇಳಿದ ಒಂದು ಮಾತಿನಿಂದ.

ಕೊನೆಯ ಕೋಣೆಯ ಹಿಂಗೋಡೆಯ ಆಚೆಯಿಂದ ಯಾರೋ ತಟ್ಟುತ್ತಿದ್ದರು ಎಂದು ಆಕೆ ಸಾಕ್ಷಿ ಹೇಳಿದ್ದಳು. ಮಿಷನ್ನು ನಿಂತಾಗ ಮಾತ್ರ. ಮೂರು ಸಲ. ಇವಳು ಮೂರು ಸಲ ತಟ್ಟಿದರೆ ಆ ಕಡೆಯಿಂದ ನಾಲ್ಕು. ಐದು ತಿಂಗಳು ಹೀಗೇ ನಡೆದು ಒಂದು ದಿನ ನಿಂತುಹೋಯಿತು. ಉಳಿದ ಹತ್ತು ಮಂದಿ ಆ ಗೋಡೆಯ ಪಕ್ಕ ಮಲಗಿದವರಲ್ಲ, ಅವರಿಗೆ ಕೇಳಿರಲಿಲ್ಲ. ಆರೋಪಿಯಾಗಿದ್ದ ಮನೆ ಮಾಲೀಕನ ವಕೀಲರು ಎದ್ದು ನಿಂತು, ಅದು ಮನೆಯ ಕೊನೆಯ ಗೋಡೆ, ಅದರಾಚೆ ಬರೀ ಗಾಳಿ, ಮಹಡಿ ಎತ್ತರದಲ್ಲಿ ಗಾಳಿಯಲ್ಲಿ ನಿಂತು ತಟ್ಟಿದವರು ಯಾರಮ್ಮ ಎಂದು ಕೇಳಿದರು. ಕೋರ್ಟು ಹಾಲು ನಕ್ಕಿತು. ದೆವ್ವ ಕಂಡವಳ ಮಾತು ನಂಬಿ ಯಾರನ್ನು ಜೈಲಿಗೆ ಹಾಕುವುದು? ಮಾಲೀಕ ಬಿಡುಗಡೆಯಾಗಿ ಮನೆಗೆ ಹೋದ.

ಹನ್ನೊಂದು ಜನರ ಪರ ಸಿವಿಲ್ ದಾವೆ ಹೂಡಿದ ವಕೀಲೆ ಆಕೆಯನ್ನು ಕೂರಿಸಿ ಬಿಡಿಸಿ ಹೇಳಿದರು. "ಅಲ್ಲಿ ಎಳ್ಳಷ್ಟೂ ಸಂಶಯ ಉಳೀಬಾರದಿತ್ತು. ಇಲ್ಲಿ ಹಾಗಲ್ಲ. ಯಾರ ಮಾತು ನಿಜ ಇರಬಹುದು ಅಂತ ತಕ್ಕಡಿ ಒಂಚೂರು ನಮ್ಮ ಕಡೆ ವಾಲಿದ್ರೂ ಸಾಕು. ಆದ್ರೆ ಆ ತಟ್ಟೋ ವಿಷಯ ಬಿಟ್ಟುಬಿಡಮ್ಮ."

"ಕೇಳಿದ್ದನ್ನ ಕೇಳಿಲ್ಲ ಅನ್ನಲಾ ಮೇಡಂ?"

"ಹೇಳೋದು ಬೇಡ ಅಂದೆ."

"ನಾನೂ ಸುಮ್ಮನಾದ್ರೆ ಅವಳು ತಟ್ಟಿದ್ದು ಯಾರಿಗೆ?" ಎಂದು ಹುಡುಗಿ ತಲೆ ತಗ್ಗಿಸಿಕೊಂಡಳಂತೆ. ವಕೀಲೆ ಮತ್ತೆ ಆ ಮಾತು ಎತ್ತಲಿಲ್ಲ.

ಅಷ್ಟರಲ್ಲಿ ಮಾಲೀಕ ಮನೆಯನ್ನು ಕೆಡವಿ ಜಾಗ ಮಾರಲು ಹೊರಟಿದ್ದ. ವಕೀಲೆ ಓಡಾಡಿ ತಡೆಯಾಜ್ಞೆ ತಂದರು, ಸ್ಥಳ ಪರಿಶೀಲನೆಗೆ ಅನುಮತಿಯನ್ನೂ ತಂದರು. ಒಂದೇ ಸಲ, ಬೆಳಿಗ್ಗೆ ಆರರಿಂದ ಒಂಬತ್ತು. ಟೇಪಕ್ಕ ಅಂದು ಹತ್ತೊಂಬತ್ತು ಮೆಟ್ಟಿಲು ಎಣಿಸಿ ಹತ್ತಿದರು. ಕೋಣೆಗಳಲ್ಲಿ ಹೊಸ ಬಣ್ಣದ ವಾಸನೆ. ಮಿಷನ್ನುಗಳಿಲ್ಲ, ಆದರೆ ನೆಲದಲ್ಲಿ ಅವುಗಳ ಕಾಲು ಊರಿದ ಗುರುತುಗಳಿದ್ದವು. ನಾಲ್ಕು ನಾಲ್ಕರಂತೆ ಹನ್ನೊಂದು ಕಡೆ. ಅವನ್ನು ತುಳಿಯದೆ ನಡೆದೆ ಎನ್ನುತ್ತಾರೆ.

ಅಳತೆ ಸರಳವಾಗಿತ್ತು. ಹದಿನಾಲ್ಕು ಅಡಿ, ಹನ್ನೆರಡು ಅಡಿ, ಹನ್ನೊಂದು ಅಡಿ. ಎರಡು ಹೊರಗೋಡೆ ಒಂಬತ್ತೊಂಬತ್ತು ಇಂಚು, ನಡುವಿನ ಎರಡು ಗೋಡೆ ನಾಲ್ಕೂವರೆ ಇಂಚು. ಕೂಡಿದರೆ ಮೂವತ್ತೊಂಬತ್ತು ಅಡಿ ಮೂರು ಇಂಚು. ಆಮೇಲೆ ಕೆಳಗಿಳಿದು ಬೀದಿಯಿಂದ ಮನೆಯ ಉದ್ದ ಹಿಡಿದರು. ನಲವತ್ತನಾಲ್ಕು ಅಡಿ.

"ಟೇಪು ಜಗ್ಗಿದೆಯೇನೋ ಅಂತ ಇನ್ನೊಂದು ಸಲ ಹಿಡಿದೆ. ಮೂರನೇ ಸಲವೂ ಹಿಡಿದೆ. ನಾಲ್ಕೂಮುಕ್ಕಾಲು ಅಡಿ ಎಲ್ಲೂ ಇಲ್ಲ. ಹೊರಗಿದೆ, ಒಳಗಿಲ್ಲ."

ಮತ್ತೆ ಮೇಲೆ ಹೋದರು. ಕೊನೆಯ ಕೋಣೆಯ ಹಿಂಗೋಡೆಗೆ ಕಿವಿ ಇಟ್ಟರು. ಹುಡುಗಿ ಹೇಳಿದ್ದ ಕಡೆ, ನೆಲದಿಂದ ಎರಡಡಿ ಎತ್ತರದಲ್ಲಿ, ಮೂರು ಸಲ ತಟ್ಟಿದರು. ಖಾಲಿ ಕೊಡ ತಟ್ಟಿದಂಥ ಸದ್ದು. ಹಾಗೆ ಎಷ್ಟು ಹೊತ್ತು ಕೂತಿದ್ದರೋ, ಕಮಿಷನರು ಬಂದು ಭುಜ ಮುಟ್ಟಿದಾಗ ಬೆಚ್ಚಿದರು. ಏನು ಕಾಯುತ್ತಿದ್ದಿರಿ ಎಂದು ಅವರು ಕೇಳಿದರು. ನಾಲ್ಕನ್ನು ಕಾಯುತ್ತಿದ್ದೆ ಎಂದು ಹೇಗೆ ಹೇಳುವುದು?

ಗೋಡೆ ಒಡೆಯಲು ಇನ್ನೊಂದು ಆಜ್ಞೆ ಬೇಕಿತ್ತು. ಅದಕ್ಕೆ ಎಂಟು ದಿನ. ಬಾಗಿಲಿಗೆ ಕೋರ್ಟಿನ ಮೊಹರು ಬಿತ್ತು, ಕಾವಲು ಕೂತಿತು. ಆ ಎಂಟು ದಿನ ಟೇಪಕ್ಕ ಮನೆಯಲ್ಲಿ ಬಚ್ಚಲ ಚಿಲಕ ಹಾಕಲಿಲ್ಲ. ಸೊಸೆಯ ಕಷ್ಟ ಅತ್ತೆಗೆ ಹೇಳದೆಯೇ ತಿಳಿಯಿತು. ಆಕೆ ಬಚ್ಚಲ ಹೊರಗೆ ಕುರ್ಚಿ ಎಳೆದುಕೊಂಡು ಕೂತು, ನೆಂಟರ ಮನೆಯ ಹಳೇ ಜಗಳಗಳನ್ನೆಲ್ಲ ದೊಡ್ಡ ದನಿಯಲ್ಲಿ ಹೇಳುತ್ತಿದ್ದರು. "ಮಧ್ಯೆ ನಿಲ್ಲಿಸಿದ್ರೆ ಒಳಗಿಂದ ಅತ್ತೇ ಅಂತಿದ್ದೆ. ಇಲ್ಲೇ ಇದೀನಿ ಕಣೇ, ಎಲ್ಲಿ ಹೋಗ್ಲಿ ಅನ್ನೋರು."

ಒಂಬತ್ತನೆಯ ದಿನ ಗೋಡೆ ಒಡೆದರು. ಗೋಡೆಯ ದಪ್ಪ ಅರ್ಧ ಅಡಿ, ಆಚೆ ನಾಲ್ಕೂಕಾಲು ಅಡಿ ಅಗಲ, ಹತ್ತಡಿ ಉದ್ದದ ಜಾಗ. ಕಿಟಕಿಯಿಲ್ಲ. ಒಂದು ನಲ್ಲಿ, ಕೆಳಗೆ ಒಂದು ತೂತು. ಯಾರೂ ಇರಲಿಲ್ಲ, ಗುಡಿಸಿ ಒರೆಸಿ ಇಟ್ಟ ಹಾಗಿತ್ತು. ಒಳಗೆ ಇಳಿದ ಮೊದಲಿಗರು ಟೇಪಕ್ಕ, ಏಕೆಂದರೆ ಏನನ್ನಾದರೂ ಮುಟ್ಟುವ ಮೊದಲು ಅಳತೆಯಾಗಬೇಕು. ಒಡೆಯದೆ ಉಳಿಸಿದ ಗೋಡೆಯ ಭಾಗದಲ್ಲಿ, ನೆಲದಿಂದ ಎರಡಡಿ ಎತ್ತರದಲ್ಲಿ, ಗಾರೆ ಸವೆದು ಅಂಗೈಯಷ್ಟು ಅಗಲದ ಕುಳಿ ಬಿದ್ದಿತ್ತು. ನುಣ್ಣಗಿತ್ತು. ಮಾಲೀಕನ ವಕೀಲರು ಬಗ್ಗಿ ನೋಡಿ, ಮೆಟ್ಟಿಲು ಇಳಿದು ಹೋದರು.

"ಆಳ ಅಳೀಬೇಕಿತ್ತು. ಮುಕ್ಕಾಲು ಇಂಚು. ಉಗುರಲ್ಲೋ ಗೆಣ್ಣಲ್ಲೋ ಗೊತ್ತಿಲ್ಲ. ಗಾರೆ ಅಂದ್ರೇನು ಅಂತ ಮೇಸ್ತ್ರಿ ಮಗಳಿಗೆ ಗೊತ್ತು. ಅದು ಸುಮ್ಮನೆ ಸವೆಯಲ್ಲ" ಎಂದು ಟೇಪಕ್ಕ ಎರಡೂ ಕೈಗಳನ್ನು ಮಡಿಲಲ್ಲಿ ಮುಚ್ಚಿಟ್ಟುಕೊಳ್ಳುತ್ತಾರೆ.

ದಾವೆ ಮತ್ತೆ ಒಂದು ವರ್ಷ ನಡೆಯಿತು. ಪಾಟೀಸವಾಲಿನಲ್ಲಿ ಮಾಲೀಕನ ವಕೀಲರು, ನೀವು ಓದಿದ್ದು ಎಷ್ಟನೇ ತರಗತಿ ಎಂದು ಟೇಪಕ್ಕನನ್ನು ಕೇಳಿದರು. ಹತ್ತು ಎಂದರು. ಹತ್ತನೇ ತರಗತಿಯವರ ಅಳತೆಯನ್ನು ಕೋರ್ಟು ಯಾಕೆ ನಂಬಬೇಕು ಎಂದರು. "ನಂಬೋದು ಬೇಡ ಸ್ವಾಮಿ. ಟೇಪು ತಂದಿದೀನಿ, ನೀವೇ ಹಿಡೀರಿ" ಎಂದು ಚೀಲದಿಂದ ತೆಗೆದು ಚಾಚಿದರು. ಯಾರೂ ಹಿಡಿಯಲಿಲ್ಲ.

ತೀರ್ಪು ಹನ್ನೊಂದು ಜನರ ಪರವಾಗಿ ಬಂತು. ಹದಿನಾಲ್ಕು ತಿಂಗಳ ಕೂಲಿ, ಅದರ ಮೇಲೆ ಪರಿಹಾರ. ಮಾಲೀಕ ಕೊಡದಿದ್ದರೆ ಮನೆ ಹರಾಜು. ಆತ ಮೇಲ್ಮನವಿ ಹಾಕಿದ್ದಾನೆ. ಆದರೂ ಅರ್ಧ ಹಣವನ್ನು ಕೋರ್ಟಿಗೆ ಕಟ್ಟಲೇಬೇಕಾಯಿತು. ಒಡೆದ ಗೋಡೆಯ ವರದಿಯ ಮೇಲೆ ಪೊಲೀಸರು ಹೊಸ ತನಿಖೆ ಶುರು ಮಾಡಿದ್ದಾರೆ. ತೀರ್ಪಿನ ದಿನ ಹೊಲಿಗೆಯ ಹುಡುಗಿ ಎಷ್ಟು ಸಿಕ್ಕಿತು ಎಂದು ಕೇಳಲಿಲ್ಲ. "ತಟ್ಟಿದ್ದು ಬರೆದಿದಾರಾ ಮೇಡಂ?" ಎಂದಳು. ವಕೀಲೆ ಮೂವತ್ತೊಂದನೇ ಪುಟ ತೆರೆದು, ವಾದಿಯು ಗೋಡೆಯ ಆಚೆಯಿಂದ ಸದ್ದು ಕೇಳಿದ್ದಾಗಿ ಹೇಳಿರುವುದನ್ನು ಈ ನ್ಯಾಯಾಲಯ ನಂಬುತ್ತದೆ ಎಂಬ ಸಾಲು ಓದಿದರು. ಇನ್ನೊಂದು ಸಲ ಓದಿ ಎಂದಳು. ಇಂದು ಆಕೆ ಮೂವರು ಸ್ನೇಹಿತೆಯರ ಜೊತೆ ಸ್ವಂತ ಹೊಲಿಗೆ ಅಂಗಡಿ ನಡೆಸುತ್ತಾಳೆ. ಮಧ್ಯೆ ಮಧ್ಯೆ ನಾಲ್ಕೂ ಮಿಷನ್ನು ನಿಲ್ಲಿಸಿ ಎರಡು ನಿಮಿಷ ಸುಮ್ಮನೆ ಕೂರುವ ರೂಢಿ ಆ ಅಂಗಡಿಯಲ್ಲಿದೆಯಂತೆ. ಗಿರಾಕಿಗಳು ಕರೆಂಟು ಹೋಯಿತೇ ಎಂದು ಕೇಳುತ್ತಾರೆ.

ಆಚೆ ಇದ್ದದ್ದು ಯಾರು ಎಂದು ಇಂದಿಗೂ ಗೊತ್ತಾಗಿಲ್ಲ. ಬದುಕಿದ್ದಾಳೋ, ಇನ್ನೆಲ್ಲಿಗೋ ಸಾಗಿಸಿದರೋ. ಪತ್ತೆಯಾದರೆ ಆಕೆಯೂ ಪರಿಹಾರಕ್ಕೆ ದಾವೆ ಹೂಡಬಹುದು, ಕಾಲ ಇನ್ನೂ ಮೀರಿಲ್ಲ ಎನ್ನುತ್ತಾರೆ ವಕೀಲೆ. ಅವರ ಬೀರುವಿನಲ್ಲಿ ಹೆಸರು ಬರೆಯದ ಒಂದು ಫೈಲು ಕಾದಿದೆ.

ಆ ಜಾಗಕ್ಕೆ ನಕ್ಷೆಯಲ್ಲಿ ಏನೆಂದು ಬರೆಯುವುದು ಎಂಬ ಚರ್ಚೆ ಬಂದಾಗ, ಖಾಲಿ ಜಾಗ ಎಂದು ಬರೆಯಿರಿ ಎಂದಿದ್ದರು ಕಮಿಷನರು. ಟೇಪಕ್ಕನಿಗೆ ಕೈ ಬರಲಿಲ್ಲ. ಕೊನೆಗೆ "ಒಬ್ಬರು ಇದ್ದ ಕೋಣೆ" ಎಂದು ಬರೆದರು. ಕಮಿಷನರು ಅದಕ್ಕೇ ಸಹಿ ಹಾಕಿದರು.

ಕೋರ್ಟಿಗೆ ಕೊಟ್ಟದ್ದು ಶಾಯಿಯ ಪ್ರತಿ. ಮೇಜಿನ ಖಾನೆಯಲ್ಲಿ ತಮ್ಮದೊಂದು ಪ್ರತಿ ಇಟ್ಟುಕೊಂಡಿದ್ದಾರೆ. ಅದರಲ್ಲಿ ಮನೆಯೆಲ್ಲ ಶಾಯಿ, ಆ ಕೋಣೆ ಮಾತ್ರ ಪೆನ್ಸಿಲು. ಒಳಗೆ ಹೋಗುವ ದಾರಿ ಯಾವುದಿತ್ತು ಎಂಬುದು ಇತ್ಯರ್ಥವಾಗಿಲ್ಲ. ಪಕ್ಕದ ಗೋಡೆಯ ಬುಡದಲ್ಲಿ ಎರಡಡಿ ಚೌಕದಷ್ಟು ಇಟ್ಟಿಗೆ ಹೊಸದಾಗಿ ಕಾಣುತ್ತದೆ. ತಾರಸಿಯಲ್ಲೂ ಒಂದು ಕಡೆ ಸಿಮೆಂಟಿನ ತೇಪೆಯಿದೆ. ಎರಡನ್ನೂ ಚುಕ್ಕಿ ಗೆರೆಯಲ್ಲಿ ಎಳೆದಿದ್ದಾರೆ.

"ನನಗೆ ಇರೋದು ಒಂದೇ ಆಸೆ" ಎನ್ನುತ್ತಾ ಆ ಹಾಳೆಯನ್ನು ಮೇಜಿನ ಮೇಲೆ ಬಿಡಿಸಿ, ಮಡಿಕೆಗಳನ್ನು ಅಂಗೈಯಿಂದ ಸವರುತ್ತಾರೆ. "ಅವಳು ಯಾವತ್ತಾದ್ರೂ ಬಂದು ಇಲ್ಲಿ ಎದುರಿಗೆ ಕೂರಬೇಕು. ನಕ್ಷೆ ನೋಡಬೇಕು. ಇದು ತಪ್ಪು, ಬಾಗಿಲು ಇಲ್ಲಿರಲಿಲ್ಲ ಅನ್ನಬೇಕು. ಬೇಕಾದ್ರೆ ಬೈಯಲಿ. ಅಳಿಸಿ, ಅವಳು ಹೇಳಿದ ಹಾಗೆ ಬರೀತೀನಿ."