ಮಿಲ್ಟ್ರಿ ಚೌರಪ್ಪನವರ ಯುದ್ಧ

ಚಪ್ಪಲಿ ಎಳೆದುಕೊಂಡು ಬಂದವರನ್ನು ಚೌರಪ್ಪನವರು ಗೇಟಿನೊಳಗೆ ಬಿಡುತ್ತಿರಲಿಲ್ಲ. ವಾಪಸ್ ರಸ್ತೆಗೆ ಕಳಿಸಿ, ಕಾಲೆತ್ತಿ ನಡೆದು ಬರಲು ಹೇಳುತ್ತಿದ್ದರು. ಹೆಬ್ಬಾಳದ ನಮ್ಮ ಕ್ಯಾನ್ವಾಸ್ ಫ್ಯಾಕ್ಟರಿಗೆ ಅವರೇ ಸೆಕ್ಯುರಿಟಿ. ಒಂದು ದಿನ ಮಾಲೀಕರೇ ಕಾಲೆಳೆದುಕೊಂಡು ಬಂದರು. ಅವರನ್ನು ವಾಪಸ್ ಕಳಿಸುವ ಹಾಗಿರಲಿಲ್ಲ. ಚೌರಪ್ಪನವರು ಬೂಟು ನೋಡಿ ಕೆಮ್ಮಿದರು. ಮಾಲೀಕರು ಕಾಲೆತ್ತಿದರು.

ಲಷ್ಕರ್ ಮೊಹಲ್ಲಾದವರು, ಸೈನ್ಯದಿಂದ ಪೆನ್ಷನ್ ಪಡೆದು ಬಂದವರು. ಟೀ ಹೊತ್ತಿನಲ್ಲಿ ಎಪ್ಪತ್ತೊಂದರ ಯುದ್ಧ ಶುರುವಾಗುತ್ತಿತ್ತು. ಕತ್ತಲಲ್ಲಿ ತೆವಳಿದ್ದನ್ನು ನೆಲದ ಮೇಲೆ ಮಲಗಿಯೇ ತೋರಿಸುತ್ತಿದ್ದರು, ಟೀ ಲೋಟ ಮಾತ್ರ ಚೆಲ್ಲುತ್ತಿರಲಿಲ್ಲ. ಹೊಲಿಗೆ ಲೈನಿನ ಹಿರಿಯಳು ರಾಜಮ್ಮಕ್ಕ ಸುಮ್ಮನೆ ಬಿಡುವವಳಲ್ಲ.

"ಹೋದ್ವಾರ ಮೂರು ಜನ್ರನ್ನ ಹೊಡೆದಿದ್ರಿ, ಇವತ್ತು ಐದಾಗವ್ರೆ. ಸತ್ತೋರು ಮರಿ ಹಾಕಿದ್ರಾ ಅಣ್ಣ?"

"ಕತ್ಲಲ್ಲಿ ಎಣಿಸಕ್ಕಾಯ್ತದೇನಮ್ಮ?"

ಕಾರ್ಗಿಲ್ ಯುದ್ಧ ಬಂತು. ಸೈನಿಕರ ಬೆನ್ನುಚೀಲದ ಆರ್ಡರ್ ನಮಗೆ ಸಿಕ್ಕಿತು. ಕೈ ಸಾಲದೆ ಪಕ್ಕದ ಊರು ಹಿನಕಲ್‌ನಿಂದ ಹೊಸದಾಗಿ ಹೆಣ್ಣುಮಕ್ಕಳನ್ನು ಸೇರಿಸಿಕೊಂಡರು. ಚೌರಪ್ಪನವರ ಕಥೆಗಳು ಅವರ ಮೂಲಕ ಊರು ಸೇರಿದವು. ಅಲ್ಲಿನ ಯುವಕರ ಸಂಘದವರು ಬಂದು, ಭಾನುವಾರ ಸಂಜೆ ಚೌರಪ್ಪನವರಿಗೆ ಸನ್ಮಾನ, ಯುದ್ಧವೀರರು ನಾಲ್ಕು ಮಾತಾಡಬೇಕು ಎಂದರು. ಚೌರಪ್ಪನವರು ಆ ವಾರವಿಡೀ ಗೇಟಿನಲ್ಲಿ ಎದೆ ಇಳಿಸಲಿಲ್ಲ.

ಶುಕ್ರವಾರ ಕೆಲಸ ಕೆಟ್ಟಿತು. ಹೆಗಲ ಪಟ್ಟಿ ಹೊಲಿಯುವ ದಪ್ಪ ಮಿಷನ್ನಿಗೆ ಕೂರುತ್ತಿದ್ದ ಇಬ್ಬರೂ ಅಮ್ಮ ಎದ್ದು, ಮೈತುಂಬ ಗುಳ್ಳೆಯಾಗಿ ಮಲಗಿದರು. ಬೇರೆಯವರು ಕೂತರೆ ಸೂಜಿ ಮುರಿಯುತ್ತಿತ್ತು, ಇಲ್ಲವೇ ಎಳೆದ ತಕ್ಷಣ ಪಟ್ಟಿ ಕಿತ್ತು ಬರುತ್ತಿತ್ತು. ರಾಶಿ ಚೀಲ ಇದೆ, ಹೆಗಲಿಗೆ ಹಾಕಲು ಪಟ್ಟಿ ಇಲ್ಲ. ಸೋಮವಾರ ಲಾರಿ ಹೊರಡದಿದ್ದರೆ ಆರ್ಡರ್ ಬೇರೆಯವರಿಗೆ, ಹಿನಕಲ್‌ನವರೆಲ್ಲ ಮನೆಗೆ ಎಂದು ಮಾಲೀಕರು ಹೇಳಿ ಹೋದರು. ಆ ಹುಡುಗಿಯರು ಮುಖ ಸಣ್ಣ ಮಾಡಿಕೊಂಡು ಕೂತರು.

ಚೌರಪ್ಪನವರು ಬಾಗಿಲಿಗೆ ಬಂದು ನೋಡಿದರು, ಗೇಟಿಗೆ ಹೋದರು. ಮತ್ತೆ ಬಂದರು, ಮತ್ತೆ ಹೋದರು. ಆಮೇಲೆ ಬಂದವರು ಟೋಪಿ ತೆಗೆದು ಕಿಟಕಿಯಲ್ಲಿಟ್ಟು ಮಿಷನ್ ಮುಂದೆ ಕೂತೇ ಬಿಟ್ಟರು. ಪಟ್ಟಿ ಸರ್ರನೆ ಹೊಲಿಗೆಯಾಗಿ ಈಚೆ ಬಂತು. ನಾನು ಕಟಿಂಗ್ ಟೇಬಲ್ಲಿನವನು, ಕೈಗೆ ಕಸುವಿದೆ. ಎರಡೂ ಕೈಯಲ್ಲಿ ಎಳೆದೆ. ಜಗ್ಗಲಿಲ್ಲ.

ಇದನ್ನು ಎಲ್ಲಿ ಕಲಿತಿರಿ ಎಂದು ರಾಜಮ್ಮಕ್ಕ ಕೇಳಿದಳು. ಮನೆಯಲ್ಲಿ ಎಂದು ಹೇಳಿದ್ದರೆ ಮುಗಿಯುತ್ತಿತ್ತು. ಭಾನುವಾರದ ಹಾರವೂ ಉಳಿಯುತ್ತಿತ್ತು. ಅವರು ಹಿನಕಲ್ ಹುಡುಗಿಯರ ಕಡೆ ಒಂದು ಸಲ ನೋಡಿದರು.

"ಮಿಲ್ಟ್ರಿಲಿ. ನಾನಲ್ಲಿ ಟೈಲರ್ ಕಣಮ್ಮ. ಎಪ್ಪತ್ತೊಂದ್ರಲ್ಲೂ ಇದೇ ಕೆಲ್ಸ. ಕೋಟು, ಟೆಂಟು, ಪಟ್ಟಿ. ಬಂದೂಕ ಹಿಡ್ದಿದ್ದು ಟ್ರೈನಿಂಗಲ್ಲಿ ಅಷ್ಟೇಯ."

ರಾಜಮ್ಮಕ್ಕ ಕೇಳಿದಳು: "ಹಂಗಾದ್ರೆ ಆ ಐದು ಜನ?"

"ಚೆನ್ನಾಗವ್ರೆ ಬುಡಮ್ಮ. ಮಕ್ಕಳು ಮರಿ ಜೊತೆ ಇರ್ಬೇಕು."

ಮೊದಲು ನಕ್ಕವನು ನಾನು. ನಗದೆ ಇರುವುದು ಹೇಗೆ? ಶೆಡ್ಡಿಗೆ ಶೆಡ್ಡೇ ನಕ್ಕಿತು. ಚೌರಪ್ಪನವರ ಕಿವಿ ಕೆಂಪಾಯಿತು, ಕೊನೆಗೆ ಅವರಿಗೂ ತಡೆಯಲಾಗಲಿಲ್ಲ.

ಅವರು ಮಿಷನ್ ಬಿಟ್ಟೇಳಲಿಲ್ಲ. ಗೇಟಿಗೆ ನನ್ನನ್ನು ನಿಲ್ಲಿಸಿದರು. ನನಗೆ ಯಾರೂ ಹೆದರಲಿಲ್ಲ. ಭಾನುವಾರ ಸಂಜೆ ಅವರು ಸನ್ಮಾನಕ್ಕೆ ಹೋಗದಿದ್ದಾಗ ಸಂಘದ ಹುಡುಗರು ಹಾರ ಹಿಡಿದುಕೊಂಡು ಗೇಟಿಗೇ ಬಂದರು. ಹುಡುಗಿಯರು ಊರಲ್ಲಿ ಎಲ್ಲ ಹೇಳಿಬಿಟ್ಟಿದ್ದರು. ಚೌರಪ್ಪನವರು ಯುದ್ಧದಲ್ಲಿ ಗುಂಡು ಹಾರಿಸಿಯೇ ಇಲ್ಲವಂತೆ ಹೌದಾ ಎಂದು ಒಬ್ಬ ಕೇಳಿದ. ಹೌದು ಎಂದೆ. ಒಳಗೆ ಹೊಲಿಯುತ್ತಿದ್ದಾರೆ, ಸನ್ಮಾನ ಮಾಡುವುದಾದರೆ ಮಾಡಿ, ಇಲ್ಲವಾದರೆ ದಾರಿ ಬಿಡಿ ಎಂದೆ. ಅವರು ಮುಖ ಮುಖ ನೋಡಿಕೊಂಡು ಒಳಗೆ ಹೋದರು. ಚೀಲದ ಬೆಟ್ಟ, ನಡುವೆ ಬೆವರಿನಲ್ಲಿ ನೆನೆದ ಚೌರಪ್ಪನವರು. ಒಬ್ಬ ಹುಡುಗ ಚೀಲವೊಂದನ್ನು ಮುಟ್ಟಿ, ಇದು ಕಾರ್ಗಿಲ್‌ಗೇ ಹೋಗುವುದಾ ಎಂದು ಕೇಳಿದ. ಇನ್ನೆಲ್ಲಿಗೆ ಎಂದಳು ರಾಜಮ್ಮಕ್ಕ. ಅವನು ಹಾರ ತಂದು ಚೌರಪ್ಪನವರ ಕೊರಳಿಗೆ ಹಾಕಿದ.

"ಮಿಷನ್ಗೆ ಸಿಕ್ಕಾಕ್ಕಂತದೆ, ತೆಗೀರಪ್ಪ" ಎಂದರು. ಆದರೆ ತಾವಾಗಿ ತೆಗೆಯಲಿಲ್ಲ.

ಆ ಹುಡುಗರೇ ಚೀಲಗಳನ್ನು ಹೊತ್ತು ಲಾರಿ ತುಂಬಿದರು. ಸೋಮವಾರ ಲಾರಿ ಹೋಯಿತು. ಹಿನಕಲ್‌ನವರು ಕೆಲಸದಲ್ಲಿ ಉಳಿದರು. ಆಮೇಲೆ ಟೀ ಹೊತ್ತಿನಲ್ಲಿ ಕೋಟು, ಗುಂಡಿಗಳ ಕಥೆ ಬರತೊಡಗಿತು. ಹಳೆಯ ಸುಳ್ಳೇ ಚೆನ್ನಾಗಿತ್ತು, ಅದನ್ನೇ ಹೇಳಿ ಎಂದು ನಾವೇ ಪೀಡಿಸುತ್ತಿದ್ದೆವು.

ಕೆಲವು ವರ್ಷದ ಮೇಲೆ ಒಂದು ಬೆಳಿಗ್ಗೆ ಅವರು ಹಾಸಿಗೆಯಿಂದ ಏಳಲಿಲ್ಲ. ರಾಜಮ್ಮಕ್ಕ, ನಾನು ಲಷ್ಕರ್ ಮೊಹಲ್ಲಾಕ್ಕೆ ಓಡಿದೆವು. ಅವರ ಹೆಂಡತಿ ಟ್ರಂಕಿನಿಂದ ಮಿಲ್ಟ್ರಿ ಕೋಟು ತೆಗೆದು, ಅಲ್ಲಿದ್ದಾಗ ಅವರೇ ಹೊಲಿದುಕೊಂಡಿದ್ದು, ಇದನ್ನೇ ಹಾಕಬೇಕು ಎಂದರು. ಹೊಟ್ಟೆ ಬಂದಿತ್ತು, ಕೋಟಿನ ಗುಂಡಿ ಕೂಡಲಿಲ್ಲ. ರಾಜಮ್ಮಕ್ಕ ಬ್ಲೇಡು ಇಸಿದುಕೊಂಡು ಪಕ್ಕದ ಹೊಲಿಗೆ ಬಿಚ್ಚಲು ಬಾಗಿಲಲ್ಲಿ ಕೂತಳು. ಚರ್ಚಿನ ಪಾದ್ರಿಗಳು ಪ್ರಾರ್ಥನೆಗೆ ಬಂದು ಕಾಯುತ್ತಿದ್ದರು. ಅವಳು ಕುಯ್ದಳು, ಎಳೆದಳು, ಹಲ್ಲಲ್ಲಿ ಕಚ್ಚಿದಳು. ಅಳುತ್ತಿದ್ದವಳಿಗೆ ಅಳುವಿನ ನಡುವೆಯೇ ನಗು ಬಂದುಬಿಟ್ಟಿತು.

"ನೋಡೋ ಇವರ ಹೊಲ್ಗೆಯ, ಬಿಚ್ಚಕ್ಕೇ ಬತ್ತಾ ಇಲ್ಲ."