ಹೆಬ್ಬೆರಳಿನಿಂದ ಒರೆಸಿದ ಹನಿ

ಕಾಲುವೆಗೆ ನೀರು ಬಿಟ್ಟ ವಾರವೇ ನಮ್ಮ ಹಳೆಯ ಟ್ರ್ಯಾಕ್ಟರ್ ಹೊಗೆ ಉಗುಳುತ್ತ ಏದುಸಿರು ಬಿಡತೊಡಗಿತು. ಸಿದ್ದಾಪುರದ ಮೆಕ್ಯಾನಿಕ್ ಇಂಜಿನ್ನಿನ ಹೆಡ್ ಬಿಚ್ಚಿ, ಸವೆದ ವಾಲ್ವ್‌ಗಳನ್ನು ಪೇಸ್ಟ್ ಹಚ್ಚಿ ಉಜ್ಜಿ ಮತ್ತೆ ಕೂರಿಸಿದರು. ಹೆಡ್ಡನ್ನು ಎರಡು ಕಟ್ಟಿಗೆ ತುಂಡುಗಳ ಮೇಲಿಟ್ಟು, ವಾಲ್ವ್‌ಗಳು ಸೋರುತ್ತವೆಯೇ ಎಂದು ನೋಡಲು ಒಳಗೆ ಡೀಸೆಲ್ ಸುರಿದರು.

"ನಾ ಚಾ ಕುಡದು ಬರ್ತೀನ್ರಿ. ಕೆಳಗ ಒಂದು ಹನಿ ಇಳದ್ರೂ ಹೊಸಾವ ಹಾಕಬೇಕು. ಇಳೀಲಿಲ್ಲಂದ್ರ ಹಳೇವ ಸಾಕು."

ಹೊಸವು ಬರಲು ನಾಲ್ಕು ದಿನ ಬೇಕಿತ್ತು. ಗದ್ದೆಯನ್ನು ಇನ್ನೂ ಟ್ರ್ಯಾಕ್ಟರಿನಿಂದ ಉತ್ತು ಕೆಸರು ಮಾಡಿರಲಿಲ್ಲ, ನಾಟಿಯ ಆಳುಗಳಿಗೆ ನಾಡಿದ್ದು ಬರಲು ಹೇಳಿಯಾಗಿತ್ತು. ಮೂರನೇ ವಾಲ್ವಿನ ಅಂಚಿನಲ್ಲಿ ಹನಿ ಮೂಡಿತು. ಹೆಬ್ಬೆರಳಿನಿಂದ ಒರೆಸಿದೆ. ಮತ್ತೆ ಮೂಡಿತು. ವಾಪಸು ಬರುತ್ತಿದ್ದ ಮೆಕ್ಯಾನಿಕ್ಕರ ಚಪ್ಪಲಿಯ ಸದ್ದು ಕೇಳಿ ಮತ್ತೊಮ್ಮೆ ಒರೆಸಿದೆ.

ಅವರು ಬಗ್ಗಿ ನೋಡಿ, "ಒಣಾ ಐತಿ. ಹಳೇವ ಇರ್ಲಿ ಬಿಡ್ರಿ" ಅಂದರು.

ಅದಾಗಿ ಎರಡು ಬೆಳೆ ಕಳೆದಿವೆ. ಟ್ರ್ಯಾಕ್ಟರ್ ಗದ್ದೆಗಿಳಿದಾಗಲೆಲ್ಲ ನನ್ನ ಜೀವ ಅದರ ಸದ್ದಿನಲ್ಲೇ ಇರುತ್ತದೆ.

ಮೊನ್ನೆ ಮೆಕ್ಯಾನಿಕ್, ತಮ್ಮ ಟ್ರ್ಯಾಕ್ಟರಿಗೆ ಹೊಸ ವಾಲ್ವ್ ಹಾಕಿಸಲೋ ಬೇಡವೋ ಎಂದು ಯೋಚಿಸುತ್ತಿದ್ದ ಪಕ್ಕದ ಗದ್ದೆಯವರನ್ನು ನಮ್ಮ ಮನೆಗೆ ಕರೆತಂದು, ನನ್ನತ್ತ ಕೈ ತೋರಿಸಿ, "ಇವ್ರ ವಾಲ್ವ್ ನಿಮ್ಮವಕ್ಕಿಂತ ಸವದಿದ್ದವು. ಹೆಂಗ ನಡದೈತಿ, ಕೇಳ್ರಿ" ಅಂದರು.

ಇಬ್ಬರೂ ನನ್ನ ಮುಖ ನೋಡಿದರು. ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿಕೊಂಡು, "ಛಲೋ ನಡದೈತ್ರಿ" ಅಂದೆ.