ಕಣ್ಣಿನ ಡಾಕ್ಟರ ಹತ್ತಿರ ಹೋದ ದಿನ

ನಮ್ಮ ವಿಲ್ಯಾರ್ ದೆಲ್ ಸಿಯೆರ್ಸೊದಿಂದ ಸಲಮಾಂಕಾಕ್ಕೆ ವಾರಕ್ಕೆ ಎರಡೇ ಸಲ ಬಸ್ಸು, ಮಂಗಳವಾರ ಮತ್ತು ಶುಕ್ರವಾರ. ಇಪ್ಪತ್ತೆರಡು ವರ್ಷಗಳಿಂದ ಅದನ್ನು ಓಡಿಸುತ್ತಿರುವವನು ನಾನು, ಎಲೋಯ್. ನಮ್ಮೂರಿನ ಒಬ್ದುಲಿಯಾ ಅವರ ಈ ಕಥೆ ನನಗೆ ನಡೆದಾಗಲೇ ಗೊತ್ತಾದದ್ದಲ್ಲ. ಮುಂದಿನ ಚಳಿಗಾಲದಲ್ಲಿ ಒಂದು ದಿನ ಬಸ್ಸು ಹಿಮದಲ್ಲಿ ಸಿಕ್ಕಿಕೊಂಡಿತು. ಒಳಗೆ ನಾವಿಬ್ಬರೇ. ಮೂರು ಗಂಟೆ ಕೂತಿದ್ದೆವು. ಆಗ ಹೇಳಿದರು.

ಊರಿಗೆಲ್ಲ ಒಂದೇ ಫೋನು ಇದ್ದ ಕಾಲದಲ್ಲಿ ಅದು ಇದ್ದದ್ದು ಒಬ್ದುಲಿಯಾ ಅವರ ಮನೆಯ ಮುಂದಿನ ಕೋಣೆಯಲ್ಲಿ. ಹದಿನೆಂಟನೆಯ ವಯಸ್ಸಿನಿಂದ ಅವರೇ ಅದನ್ನು ನೋಡಿಕೊಂಡರು. ದುಡಿಯಲು ಬಿಲ್ಬಾವೊಗೋ ಸ್ವಿಟ್ಜರ್‌ಲೆಂಡಿಗೋ ಹೋದವರ ಕರೆ ಬಂದರೆ ಓಡಿಹೋಗಿ ಆ ಮನೆಯವರನ್ನು ಕರೆತರುವುದು, ಅವರು ಮಾತಾಡಿ ಅತ್ತು ಮುಗಿಸುವ ತನಕ ಗೋಡೆಗೆ ಮುಖ ಮಾಡಿ ಉಲ್ಲನ್ ಹೆಣೆಯುವುದು. ಹೀಗೆ ಕಳೆದ ಹದಿನೆಂಟು ವರ್ಷದಲ್ಲಿ ಅವರನ್ನೇ ಕೇಳಿಕೊಂಡು ಬಂದ ಕರೆಗಳು ಬೆರಳೆಣಿಕೆಯಷ್ಟು. ಆಮೇಲೆ ಮನೆಮನೆಗೂ ಫೋನು ಬಂತು. ಕಂಪನಿಯವರು ಬಂದು ಯಂತ್ರ ಕಿತ್ತುಕೊಂಡು ಹೋದರು. ಅದಾದ ಮೇಲೆ ಅವರ ಮನೆಗೆ ಯಾರಾದರೂ ಬರುವುದಕ್ಕೆ ಕಾರಣವೇ ಉಳಿಯಲಿಲ್ಲ. ಊರಿನ ಚಿಕಿತ್ಸಾಲಯದ ನೆಲ ಒರೆಸುವ ಕೆಲಸಕ್ಕೆ ಸೇರಿದರು.

ತಾಯಿ ಹಾಸಿಗೆ ಹಿಡಿದಿದ್ದರಿಂದ ಹನ್ನೊಂದನೇ ವಯಸ್ಸಿಗೇ ಶಾಲೆ ಬಿಟ್ಟವರು. ನಲವತ್ತೈದು ದಾಟಿದವರು ಒಂದು ಪರೀಕ್ಷೆ ಪಾಸು ಮಾಡಿದರೆ ವಿಶ್ವವಿದ್ಯಾಲಯಕ್ಕೆ ಸೇರಬಹುದು ಅನ್ನುವ ಚೀಟಿಯೊಂದನ್ನು ಚಿಕಿತ್ಸಾಲಯದ ಗೋಡೆಯ ಮೇಲೆ ನೋಡಿದರಂತೆ. ಡಾಕ್ಟರು ಹೊರಟ ಮೇಲೆ ರೋಗಿಗಳು ಕೂರುವ ಬೆಂಚಿನ ಮೇಲೆ ಕೂತು ಒಂದು ವರ್ಷ ಓದಿದರು. ಆಗ ಅವರಿಗೆ ಐವತ್ತೊಂಬತ್ತು ವರ್ಷ. ಯಾರಿಗೂ ಹೇಳಲಿಲ್ಲ.

ಪರೀಕ್ಷೆ ಇದ್ದದ್ದು ಮಾರ್ಚಿನ ಒಂದು ಶುಕ್ರವಾರ. ಸಲಮಾಂಕಾಕ್ಕೆ ಕಣ್ಣು ತೋರಿಸಲು ಹೋಗುತ್ತೇನೆ ಎಂದು ಎಲ್ಲರಿಗೂ ಹೇಳಿ, ಅಂದು ಬೆಳಿಗ್ಗೆ ಬಸ್ ನಿಲ್ದಾಣದಲ್ಲಿ ಪಕ್ಕದ ಮನೆಯ ಎರ್ಮಿನಿಯಾ ಅವರೊಂದಿಗೆ ನಿಂತಿದ್ದರು.

"ಕಣ್ಣಿಗೆ ಹನಿ ಹಾಕಿದ್ರೆ ಸಾಯಂಕಾಲದ ತನಕ ಏನೂ ಕಾಣ್ಸಲ್ಲ ಕಣೆ. ನಾನೂ ಬರ್ತೀನಿ, ಕೈ ಹಿಡ್ಕೊಂಡು ಕರ್ಕೊಂಡು ಬರ್ತೀನಿ," ಅಂದರು ಎರ್ಮಿನಿಯಾ.

"ಬೇಡ. ನಿನ್ ಕೋಳಿಗಳಿಗೆ ಯಾರು ಕಾಳು ಹಾಕ್ತಾರೆ?"

"ಕೋಳಿ ಒಂದ್ ದಿನ ಉಪವಾಸ ಇದ್ರೆ ಸಾಯಲ್ಲ."

"ಬೇಡ ಅಂದ್ನಲ್ಲ."

ಎರ್ಮಿನಿಯಾ ಮುಖ ಸಣ್ಣ ಮಾಡಿಕೊಂಡು ಹೋದರು. ದಾರಿಯುದ್ದಕ್ಕೂ ಒಬ್ದುಲಿಯಾ ಚೀಲವನ್ನು ತೊಡೆಯ ಮೇಲಿಟ್ಟು ಎರಡೂ ಕೈಯಲ್ಲಿ ಹಿಡಿದಿದ್ದರು. ಒಳಗೆ ಆಲೂಗಡ್ಡೆ ಆಮ್ಲೆಟ್ ತುಂಬಿದ ಬ್ರೆಡ್ಡು, ಒಂದು ಸೇಬು, ಗುರುತಿನ ಚೀಟಿ, ಮೂರು ಪೆನ್ನು.

ಪರೀಕ್ಷೆಯಲ್ಲಿ ಪತ್ರಿಕೆಯ ಒಂದು ಲೇಖನ ಕೊಟ್ಟಿದ್ದರು. ನಮ್ಮ ಸೀಮೆಯ ಹಳ್ಳಿಗಳು ಖಾಲಿಯಾದ ಬಗ್ಗೆ. ಅಲ್ಲಿ ಈಗ ಯಾರೂ ಉಳಿದಿಲ್ಲ ಎಂದು ಬರೆದಿತ್ತು. ಅದರ ಸಾರಾಂಶ ಬರೆದು ತಮ್ಮ ಅಭಿಪ್ರಾಯ ಹೇಳಬೇಕು. ಒಬ್ದುಲಿಯಾ ಸಾರಾಂಶವನ್ನು ಅಚ್ಚುಕಟ್ಟಾಗಿ ಬರೆದರು. ಅಭಿಪ್ರಾಯದ ಜಾಗದಲ್ಲಿ ಬಹಳ ಹೊತ್ತು ಪೆನ್ನು ಹಿಡಿದು ಕೂತರು. ಕೊನೆಗೆ, "ಲೇಖಕರು ಹೇಳುವುದು ಪೂರ್ತಿ ನಿಜವಲ್ಲ. ನಾನು ಇದ್ದೇನೆ," ಎಂದು ಶುರುಮಾಡಿದರು. ಅಧಿಕಪ್ರಸಂಗವಾಯಿತೇನೋ ಎಂದು ಹೊಡೆದುಹಾಕಲು ಹೋದರು. ಆದರೆ ಹೊಡೆದುಹಾಕಲಿಲ್ಲ.

ಮಧ್ಯಾಹ್ನ ಊಟಕ್ಕೆ ಹಳೆಯ ವಿಶ್ವವಿದ್ಯಾಲಯದ ಎದುರಿನ ಕಲ್ಲುಕಟ್ಟೆಯ ಮೇಲೆ ಕೂತರು. ಅಲ್ಲಿ ಎಂದಿನಂತೆ ಪ್ರವಾಸಿಗಳ ಗುಂಪು, ಎಲ್ಲರೂ ಕತ್ತೆತ್ತಿ ಬಾಗಿಲ ಮೇಲಿನ ಕೆತ್ತನೆಯಲ್ಲಿ ಕಪ್ಪೆಯನ್ನು ಹುಡುಕುವವರು. ತಾನೇ ಹುಡುಕಿ ಕಂಡುಹಿಡಿದ ವಿದ್ಯಾರ್ಥಿ ಪಾಸಾಗುತ್ತಾನೆ ಅನ್ನುವುದು ನಮ್ಮ ಕಡೆಯ ಮಾತು.

ಮಗುವನ್ನು ಎತ್ತಿಕೊಂಡಿದ್ದ ಹೆಂಗಸೊಬ್ಬಳು ಕೇಳಿದಳು, "ಸೆನ್ಯೋರಾ, ನೀವು ಇಲ್ಲಿಯವ್ರೇ ಇರ್ಬೇಕು. ಕಪ್ಪೆ ಎಲ್ಲಿದೆ ತೋರಿಸ್ತೀರಾ?"

"ನಾನೂ ನೋಡಿಲ್ಲಮ್ಮ."

"ಹಾಗಾದ್ರೆ ಬನ್ನಿ, ಒಟ್ಟಿಗೆ ಹುಡುಕೋಣ."

"ಬೇಡ. ಆಮೇಲೆ ಪಾಸಾದ್ರೆ ಕಪ್ಪೆಯಿಂದ ಅಂತಾರೆ."

ಆ ಹೆಂಗಸು ತಮಾಷೆ ಅಂದುಕೊಂಡು ನಕ್ಕು ಮುಂದೆ ಹೋದಳು. ಯಾರು ಹಾಗೆ ಅನ್ನುತ್ತಾರೆ ಎಂದು ಒಬ್ದುಲಿಯಾ ಆಮೇಲೆ ಯೋಚಿಸಿದರಂತೆ. ಅನ್ನುವುದಕ್ಕೆ ಯಾರಿಗಾದರೂ ಗೊತ್ತಿದ್ದರೆ ತಾನೆ.

ಎರಡನೇ ಪರೀಕ್ಷೆ ನಾಲ್ಕೂವರೆಗೆ ಮುಗಿಯಿತು. ಬಾಗಿಲಲ್ಲಿ ಒಬ್ಬನಿಗೆ ಹೆಂಡತಿ, ಇನ್ನೊಬ್ಬಳಿಗೆ ಇಬ್ಬರು ಹೆಣ್ಣುಮಕ್ಕಳು ಕಾದಿದ್ದರು. ಅವರ ಅಪ್ಪುಗೆಗಳ ನಡುವೆ ದಾರಿ ಮಾಡಿಕೊಂಡು ಹೊರಬಂದು ದೊಡ್ಡ ಚೌಕದ ತನಕ ನಡೆದರು. ಬಿಸಿಲಿಗೆ ಕಲ್ಲೆಲ್ಲ ಹೊನ್ನಿನ ಬಣ್ಣಕ್ಕೆ ತಿರುಗಿತ್ತು, ಮೇಜುಗಳೆಲ್ಲ ಭರ್ತಿ, ಎಲ್ಲರೂ ಮಾತಾಡುತ್ತಿದ್ದರು. ಅವರಿಗೂ ಮಾತಾಡಬೇಕು ಅನ್ನಿಸಿತು. ಫೋನ್ ಬೂತಿನೊಳಗೆ ಹೋಗಿ ಬರಾಕಾಲ್ದೊದಲ್ಲಿರುವ ತಂಗಿ ನಿಯೆವೆಸ್‌ಗೆ ಫೋನು ಮಾಡಿದರು.

"ಯಾರು ಸತ್ರು?" ಅಂದಳು ನಿಯೆವೆಸ್.

"ಯಾರೂ ಇಲ್ಲ."

"ಮತ್ತೆ? ನಿಂಗೇನಾದ್ರೂ ಆಯ್ತಾ?"

"ಏನಿಲ್ಲ. ಸುಮ್ನೆ ಮಾಡ್ದೆ."

"ಸುಮ್ನೆನಾ? ನನ್ ಎದೆ ಧಸಕ್ ಅಂತು. ಇರು, ಒಲೆ ಮೇಲೆ ಕಡಲೆ ಇಟ್ಟಿದೀನಿ. ಭಾನುವಾರ ಮಾಡ್ತೀನಿ, ಆಯ್ತಾ?"

"ಆಯ್ತು."

ಭಾನುವಾರ ಅವಳು ಮಾಡಲಿಲ್ಲ.

ಆರು ಗಂಟೆಗೆ ಬಸ್ಸು ಹತ್ತಿದಾಗ ನಾನೂ ಕೇಳಿದೆ. "ಏನಂದ್ರು ಸೆನ್ಯೋರಾ ಒಬ್ದುಲಿಯಾ? ಕನ್ನಡಕ ಬದ್ಲಾಯಿಸ್ಬೇಕಂತಾ?"

"ಇಲ್ಲಪ್ಪ. ಇನ್ನೂ ಕೆಲವು ವರ್ಷ ಚೆನ್ನಾಗಿ ಕಾಣತ್ತಂತೆ."

ಹೋಗಿ ಕಿಟಕಿಯ ಪಕ್ಕ ಕೂತರು. ಕನ್ನಡಿಯಲ್ಲಿ ನೋಡಿದಾಗ ಅಳುತ್ತಿದ್ದರು. ಡಾಕ್ಟರು ಹಾಕಿದ ಹನಿ ಅಂದುಕೊಂಡು ನಾನು ಬಸ್ಸು ಹೊರಡಿಸಿದೆ.

ಪಾಸಾದ ಪತ್ರ ಮೇ ತಿಂಗಳಲ್ಲಿ ಬಂತು. ಶರತ್ಕಾಲಕ್ಕೆ ಇತಿಹಾಸ ಓದಲು ಸೇರಿದರು. ಊರಿಗೆ ವಿಷಯ ತಿಳಿದದ್ದು ಆಗಲೇ. ಎಲ್ಲರಿಗಿಂತ ಹೆಚ್ಚು ನೊಂದವರು ಎರ್ಮಿನಿಯಾ. "ಓದೋದೇನು ಕಳ್ಳತನವಾ? ನನ್ ಹತ್ರ ಮುಚ್ಚಿಟ್ಟೆಯಲ್ಲ," ಎಂದವರು ಕ್ರಿಸ್‌ಮಸ್ಸಿನ ತನಕ ಮಾತು ಬಿಟ್ಟರು. ಆ ಹಬ್ಬಕ್ಕೆ ಒಂದು ತಟ್ಟೆ ಬಾದಾಮಿ ಬಿಸ್ಕತ್ತನ್ನು ಒಬ್ದುಲಿಯಾ ಅವರ ಕಿಟಕಿಯ ಕಟ್ಟೆಯ ಮೇಲಿಟ್ಟು ಬಾಗಿಲು ತಟ್ಟದೆ ಹೋದರಂತೆ.

ಬಸ್ಸಿರುವುದು ಎರಡೇ ದಿನ, ಹಾಗಾಗಿ ಉಳಿದ ದಿನದ ಪಾಠಗಳು ತಪ್ಪುತ್ತವೆ. ವರ್ಷಕ್ಕೆ ಮೂರು ನಾಲ್ಕು ವಿಷಯ ಮುಗಿಸುತ್ತಾರೆ. ಲ್ಯಾಟಿನ್ ಎರಡು ಸಲ ಕೈಕೊಟ್ಟಿತು. ತರಗತಿಯಲ್ಲಿ ಹುಡುಗಿಯರು ಮರ್ಯಾದೆಯಿಂದ ಜಾಗ ಬಿಡುತ್ತಾರೆ, ಪಕ್ಕದಲ್ಲಿ ಮಾತ್ರ ಯಾರೂ ಕೂರುವುದಿಲ್ಲ ಎಂದು ಹಿಮದ ಆ ದಿನ ಹೇಳಿದರು. ದೂರಿನ ದನಿ ಇರಲಿಲ್ಲ.

ಈಗ ಐದನೇ ವರ್ಷ. ಕೆಲವು ಶುಕ್ರವಾರ ಬಸ್ಸಿನಲ್ಲಿ ನಾವಿಬ್ಬರೇ. ಅವರು ಪುಸ್ತಕ ತೆರೆದರೆ ನಾನು ರೇಡಿಯೋ ನಿಲ್ಲಿಸುತ್ತೇನೆ.